ಬೀಡಿಗೆ ದರವುಂಟು, ಅಡಿಕೆಗೆ ಧಾರಣೆಯುಂಟು, ಎಂಜಿನಿಯರಿಗೆ?

ಮಂಗಳೂರು–ಬೆಂಗಳೂರು ಹೆದ್ದಾರಿಯಲ್ಲಿ ಪಾಣೆಮಂಗಳೂರಿಗೆ ತಾಗಿಕೊಂಡಿರುವ ಮೆಲ್ಕಾರ್ ಒಂದು ಸಣ್ಣ ಪೇಟೆ. ಹೆದ್ದಾರಿಯಿಂದ ಇಲ್ಲಿ ಕವಲೊಡೆಯುವ ರಸ್ತೆ ಮುಡಿಪು, ಕೊಣಾಜೆಗಳತ್ತ ಸಾಗುತ್ತದೆ. ಬೀಡಿಯ ಕಟ್ಟು ಹೊತ್ತ ಮಹಿಳೆಯರನ್ನೂ ಅಡಿಕೆ ಮಾರಲು ಹೊರಟ ಕೃಷಿಕರನ್ನೂ ದಶಕಗಳ ಕಾಲ ಕಂಡ ದಾರಿಯಿದು. ಈಗ ಅದೇ ದಾರಿಯಲ್ಲಿ ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿದ ತರುಣ ತರುಣಿಯರು ಸಾಗುತ್ತಾರೆ. ಮುಡಿಪಿನಲ್ಲಿ ಇನ್ಫೋಸಿಸ್‌ನ ವಿಶಾಲ ಆವರಣವಿದೆ. ಆ ಸಂಸ್ಥೆ 1995ರಲ್ಲಿಯೇ ಮಂಗಳೂರಿನಲ್ಲಿ ತನ್ನ ಅಭಿವೃದ್ಧಿ ಕೇಂದ್ರವನ್ನು ತೆರೆದಿತ್ತು. ಅದಾದ ಮೇಲೆ ಎಂಜಿನಿಯರಿಂಗ್ ಪದವಿ ಎಂಬುದು ಈ ಸೀಮೆಯ ಮಧ್ಯಮ ಮತ್ತು ಕೆಳಮಧ್ಯಮ ವರ್ಗದ ಮನೆಗಳ ಮಹಾಕನಸಾಯಿತು. ಬಂಟ್ವಾಳ ತಾಲ್ಲೂಕಿನ ಬೆಂಜನಪದವು, ಬೆಳ್ತಂಗಡಿ ತಾಲ್ಲೂಕಿನ ಉಜಿರೆ, ಮೂಡುಬಿದಿರೆ ಬಳಿಯ ಮಿಜಾರು ಹೀಗೆ ಎಲ್ಲೆಡೆ ಎಂಜಿನಿಯರಿಂಗ್ ಕಾಲೇಜುಗಳು ತಲೆಯೆತ್ತಿದವು.

ವರ್ಷ ವರ್ಷವೂ ಈ ಕಾಲೇಜುಗಳಿಗೆ ಕಂಪನಿಗಳು ಬರುತ್ತವೆ, ಪರೀಕ್ಷೆ ನಡೆಸುತ್ತವೆ, ಸಂದರ್ಶನ ಮಾಡುತ್ತವೆ, ಆಯ್ಕೆಯಾದವರ ಪಟ್ಟಿ ಪ್ರಕಟವಾಗುತ್ತದೆ. ಮನೆಯಲ್ಲಿ ಸಿಹಿ ಹಂಚುತ್ತಾರೆ. ಕಾಲೇಜಿನ ದ್ವಾರದಲ್ಲಿ ಭಾವಚಿತ್ರಗಳ ಫಲಕ ಏಳುತ್ತದೆ. ‘ಕೆಲಸ ಸಿಕ್ಕಿತೇ?’ ಎಂದು ಎಲ್ಲರೂ ಕೇಳುತ್ತಾರೆ. ‘ಎಷ್ಟು ಸಂಬಳ?’ ಎಂದು ಕೆಲವರು ಕೇಳುತ್ತಾರೆ. ಆದರೆ ‘ಅಷ್ಟೇ ಏಕೆ? ಹೆಚ್ಚು ಕೇಳಿದೆಯಾ?’ ಎಂಬ ಪ್ರಶ್ನೆ ಮಾತ್ರ ಯಾರ ಬಾಯಿಂದಲೂ ಹೊರಡುವುದಿಲ್ಲ. ಕೇಳಿದರೆ ಕೈಗೆ ಬಂದ ತುತ್ತು ಬಾಯಿಗೆ ಬಾರದೇ ಹೋದೀತೆಂಬ ಭಯ ಒಂದು ಕಡೆ, ಸಂಬಳದ ಕುರಿತು ಬಾಯಿಬಿಡುವುದು ಮರ್ಯಾದಸ್ಥರ ಲಕ್ಷಣವಲ್ಲವೆಂಬ ಸಂಕೋಚ ಇನ್ನೊಂದು ಕಡೆ. ಈ ಮೌನಕ್ಕೆ ತೆರಬೇಕಾಗಿರುವ ಬೆಲೆ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡುವ ಕಾಲ ಬಂದಿದೆ.

ಹದಿನೈದು ವರ್ಷ ಕದಲದ ಮುಳ್ಳು

ದೊಡ್ಡ ಮಾಹಿತಿ ತಂತ್ರಜ್ಞಾನ ಸೇವಾ ಕಂಪನಿಗಳು ಹೊಸ ಎಂಜಿನಿಯರಿಂಗ್ ಪದವೀಧರರಿಗೆ ಕೊಡುವ ಸಾಮಾನ್ಯ ಶ್ರೇಣಿಯ ಆರಂಭಿಕ ವೇತನ 2010ರ ಹೊತ್ತಿಗೆ ವರ್ಷಕ್ಕೆ ಮೂರರಿಂದ ಮೂರೂಕಾಲು ಲಕ್ಷ ರೂಪಾಯಿಗಳ ಆಸುಪಾಸಿನಲ್ಲಿತ್ತು. ಇಂದು ಅದು ಮೂರೂವರೆ ಲಕ್ಷದ ಆಸುಪಾಸಿನಲ್ಲಿದೆ. ಈ ಅವಧಿಯಲ್ಲಿ ದೇಶದ ಗ್ರಾಹಕ ಬೆಲೆಮಟ್ಟ ದುಪ್ಪಟ್ಟನ್ನು ಮೀರಿದೆ. ಅಂದರೆ ಬೆಲೆಯೇರಿಕೆಗೆ ಸರಿದೂಗಿಸಿದ್ದರೆ ಆರಂಭಿಕ ವೇತನ ಇಂದು ಕನಿಷ್ಠ ಆರೂವರೆ ಲಕ್ಷ ಇರಬೇಕಿತ್ತು. ಹೀಗಿರುವಾಗ ನಾಮಮಾತ್ರ ವೇತನ ನಿಂತಲ್ಲೇ ನಿಂತಿದೆ, ನೈಜ ವೇತನ ಅರ್ಧಕ್ಕೆ ಇಳಿದಿದೆ ಎಂದರೆ ಅತಿಶಯೋಕ್ತಿಯಾಗದು.

ಇದನ್ನು ನಮ್ಮ ಕರಾವಳಿಯ ಇತರ ದುಡಿಮೆಗಳೊಡನೆ ಹೋಲಿಸಿ ನೋಡಬೇಕು. ಬಂಟ್ವಾಳ ಸೀಮೆಯಲ್ಲಿ ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಸುತ್ತುವ ಮಹಿಳೆಗೆ ಸಾವಿರ ಬೀಡಿಗೆ ಇಷ್ಟು ಎಂಬ ದರ ಉಂಟು. 1948ರ ಕನಿಷ್ಠ ವೇತನ ಕಾಯ್ದೆಯ ಅನುಸೂಚಿಯಲ್ಲಿಯೇ ಬೀಡಿ ಉದ್ಯಮ ಸೇರಿತ್ತು. ಬಳಿಕ 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರಿಗಾಗಿಯೇ ಪ್ರತ್ಯೇಕ ಕಾಯ್ದೆ ಬಂತು. ಅದನ್ನು ಪ್ರಶ್ನಿಸಿ ಮಂಗಳೂರು ಗಣೇಶ ಬೀಡಿ ವರ್ಕ್ಸ್ ಹಾಗೂ ಇತರರು ಸುಪ್ರೀಂ ಕೋರ್ಟಿನವರೆಗೆ ಹೋದಾಗ, 1974ರಲ್ಲಿ ನ್ಯಾಯಾಲಯ ಕಾಯ್ದೆಯನ್ನು ಎತ್ತಿಹಿಡಿಯಿತು. ಬೀಡಿಯ ಮೂಲ ದರದ ಮೇಲೆ ಗ್ರಾಹಕ ಬೆಲೆ ಸೂಚ್ಯಂಕಕ್ಕೆ ಹೊಂದಿಕೊಂಡ ತುಟ್ಟಿಭತ್ಯೆಯೂ ಉಂಟು. ಅದನ್ನು ಸಕಾಲದಲ್ಲಿ ಪಡೆಯಲು ಸಂಘಗಳು ಬೀದಿಗಿಳಿಯಬೇಕಾದ ಸಂದರ್ಭಗಳೂ ಬಂದಿವೆ. ದರ ಸಾಲದು ಎಂಬ ದೂರು ನ್ಯಾಯವಾದದ್ದೇ. ಆದರೂ ದರವನ್ನು ಪ್ರಶ್ನಿಸುವುದಕ್ಕೆ ಒಂದು ವೇದಿಕೆ, ಒಂದು ಅಧಿಸೂಚನೆ, ಒಂದು ಲೆಕ್ಕ ಇದೆ ಎಂಬುದು ಮುಖ್ಯ.

ಈ ಜಿಲ್ಲೆಯ ಮತ್ತೊಂದು ಹೆಮ್ಮೆ ಬ್ಯಾಂಕ್ ಉದ್ಯೋಗ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕುಗಳೆಲ್ಲ ಹುಟ್ಟಿದ್ದು ಅವಿಭಜಿತ ದಕ್ಷಿಣ ಕನ್ನಡದಲ್ಲಿ. ಬ್ಯಾಂಕ್ ನೌಕರರ ವೇತನ 1966ರ ಮೊದಲ ದ್ವಿಪಕ್ಷೀಯ ಒಪ್ಪಂದದಿಂದ ಇಂದಿನವರೆಗೂ ಆಡಳಿತ ಮಂಡಳಿಗಳು ಮತ್ತು ನೌಕರ ಸಂಘಗಳು ಎದುರುಬದುರು ಕುಳಿತು ತೀರ್ಮಾನಿಸುವ ವಿಷಯ. ಹನ್ನೆರಡನೆಯ ಒಪ್ಪಂದಕ್ಕೆ 2024ರ ಮಾರ್ಚ್‌ನಲ್ಲಿ ಸಹಿ ಬಿದ್ದು, ಶೇ 17ರ ಹೆಚ್ಚಳ ದೊರೆಯಿತು. ಇನ್ನು ಸರ್ಕಾರಿ ಸೇವೆಯ ಮಾತು. ನನ್ನಂಥವರು ಸೇವೆಗೆ ಸೇರಿದಾಗ ವೇತನಶ್ರೇಣಿ ನೇಮಕಾತಿ ಆದೇಶದಲ್ಲೇ ಮುದ್ರಿತವಾಗಿರುತ್ತಿತ್ತು. ಚೌಕಾಸಿಯ ಅಗತ್ಯವೂ ಇರಲಿಲ್ಲ, ಅವಕಾಶವೂ ಇರಲಿಲ್ಲ. ನಮ್ಮ ಪರವಾಗಿ ವೇತನ ಆಯೋಗವೇ ಲೆಕ್ಕ ಹಾಕುತ್ತಿತ್ತು. ಕೆ. ಸುಧಾಕರ ರಾವ್ ಅಧ್ಯಕ್ಷತೆಯ ರಾಜ್ಯ 7ನೇ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ರಾಜ್ಯ ಸರ್ಕಾರಿ ನೌಕರನ ಕನಿಷ್ಠ ಮೂಲ ವೇತನ 17,000 ರೂಪಾಯಿಯಿಂದ 27,000 ರೂಪಾಯಿಗೆ ಏರಿತು. ಇದು ಕಚೇರಿಯ ಕೊನೆಯ ದರ್ಜೆಯ ನೌಕರನ ಮೂಲ ವೇತನ. ಭತ್ಯೆಗಳು ಇದರ ಮೇಲೆ. ಹೊಸ ಎಂಜಿನಿಯರಿನ ತಿಂಗಳ ಒಟ್ಟು ವೆಚ್ಚವನ್ನು ಕಂಪನಿ 30,000 ಎಂದು ಬರೆಯುವಾಗ ಈ ಅಂಕಿಯನ್ನು ಪಕ್ಕದಲ್ಲಿಟ್ಟು ನೋಡಬೇಕು.

ಅಜ್ಜಿ ಬೀಡಿ ಸುತ್ತಿದಳು, ಅಪ್ಪ ಬ್ಯಾಂಕಿನಲ್ಲೋ ಸರ್ಕಾರಿ ಕಚೇರಿಯಲ್ಲೋ ದುಡಿದ. ಆ ಇಬ್ಬರ ವೇತನದ ಹಿಂದೆಯೂ ಕಾಯ್ದೆ, ಸಂಘ, ಆಯೋಗ ಎಂಬ ಯಾವುದಾದರೊಂದು ಆಸರೆಯಿತ್ತು. ಆ ಮನೆಯಿಂದ ಮೊದಲ ಬಾರಿಗೆ ಒಬ್ಬಂಟಿಯಾಗಿ ಮಾತುಕತೆಯ ಮೇಜಿನ ಮುಂದೆ ಕುಳಿತವನು ಈ ಇಪ್ಪತ್ತೆರಡರ ಎಂಜಿನಿಯರ್. ಮಾತುಕತೆ ಹೇಗೆಂದು ಅವನಿಗೆ ಯಾರೂ ಕಲಿಸಿಲ್ಲ. ಕಲಿಸಲು ಮನೆಯಲ್ಲಿ ಯಾರಿಗೂ ತಿಳಿದಿಲ್ಲ.

ಒಬ್ಬನೇ ಕೊಳ್ಳುವವನಾದರೆ

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಮಾರುವವರು ಬಹಳ, ಕೊಳ್ಳುವವರು ಕೆಲವೇ ಮಂದಿ ಎಂಬಂಥ ಮಾರುಕಟ್ಟೆಯಲ್ಲಿ ಬೆಲೆ ಯಾರ ಕಡೆಗೆ ವಾಲುತ್ತದೆಂಬುದನ್ನು ಕೇಂಬ್ರಿಜ್‌ನ ಜೋನ್ ರಾಬಿನ್ಸನ್ 1933ರಲ್ಲಿಯೇ ವಿವರಿಸಿದ್ದರು. ಕೂಲಿ ಏರದಂತೆ ನೋಡಿಕೊಳ್ಳುವಲ್ಲಿ ಮಾಲೀಕರ ನಡುವೆ ಸದಾ ಒಂದು ಮೌನ ಸಮ್ಮತಿ ಇರುತ್ತದೆಂಬುದನ್ನು ಆಡಂ ಸ್ಮಿತ್ 1776ರಷ್ಟು ಹಿಂದೆಯೇ ಗುರುತಿಸಿದ್ದ. ನಮ್ಮ ರಾಜ್ಯವೊಂದರಲ್ಲಿಯೇ ಲಕ್ಷಕ್ಕೂ ಮಿಕ್ಕಿ ಎಂಜಿನಿಯರಿಂಗ್ ಸೀಟುಗಳಿವೆ. ದೊಡ್ಡ ಪ್ರಮಾಣದಲ್ಲಿ ನೇಮಕ ಮಾಡಿಕೊಳ್ಳುವ ಕಂಪನಿಗಳನ್ನು ಬೆರಳಲ್ಲಿ ಎಣಿಸಬಹುದು.

ಇದು ಕೇವಲ ಬೇಡಿಕೆ–ಪೂರೈಕೆಯ ಆಟವೇ, ಅಥವಾ ಅದಕ್ಕೂ ಮಿಗಿಲಾದದ್ದೇ? ಇನ್ಫೋಸಿಸ್‌ನ ಹಣಕಾಸು ಮುಖ್ಯಸ್ಥರಾಗಿದ್ದ ಟಿ.ವಿ. ಮೋಹನದಾಸ್ ಪೈ ಅವರು 2017ರಲ್ಲಿ ದೊಡ್ಡ ಕಂಪನಿಗಳು ಪರಸ್ಪರ ಮಾತಾಡಿಕೊಂಡು ಹೊಸಬರ ವೇತನ ಏರದಂತೆ ನೋಡಿಕೊಳ್ಳುತ್ತಿವೆ ಎಂದು ಬಹಿರಂಗವಾಗಿಯೇ ಹೇಳಿದ್ದರು. ಉದ್ಯಮದ ಒಳಗನ್ನು ಬಲ್ಲವರ ಈ ಮಾತು ಎರಡು ದಿನ ಸುದ್ದಿಯಾಗಿ ತಣ್ಣಗಾಯಿತು. ಅಮೆರಿಕದಲ್ಲಿ ಹೀಗಾಗಲಿಲ್ಲ. ಒಬ್ಬರ ಎಂಜಿನಿಯರುಗಳನ್ನು ಇನ್ನೊಬ್ಬರು ಸೆಳೆಯಬಾರದೆಂದು ಆ್ಯಪಲ್, ಗೂಗಲ್, ಇಂಟೆಲ್, ಅಡೋಬಿ ಮುಂತಾದ ಕಂಪನಿಗಳು ಮಾಡಿಕೊಂಡಿದ್ದ ಒಳ ಒಪ್ಪಂದದ ಮೇಲೆ ಅಲ್ಲಿನ ನ್ಯಾಯ ಇಲಾಖೆ 2010ರಲ್ಲಿ ಕ್ರಮ ಕೈಗೊಂಡಿತು. ಬಳಿಕ ಎಂಜಿನಿಯರುಗಳೇ ಹೂಡಿದ ದಾವೆಯಲ್ಲಿ ಈ ನಾಲ್ಕು ಕಂಪನಿಗಳು 2015ರಲ್ಲಿ 41.5 ಕೋಟಿ ಡಾಲರ್ ತೆರಲು ಒಪ್ಪಬೇಕಾಯಿತು. ಮಾರುಕಟ್ಟೆಯನ್ನು ನಂಬುವ ದೇಶವೇ ಮಾರುಕಟ್ಟೆಯ ನಿಯಮ ಮುರಿದವರನ್ನು ದಂಡಿಸಿತು. ನಮ್ಮ ಸ್ಪರ್ಧಾ ಆಯೋಗ ಸಿಮೆಂಟ್ ಬೆಲೆಯ ಬಗ್ಗೆ ತೋರಿಸಿದ ಆಸಕ್ತಿಯನ್ನು ಶ್ರಮದ ಬೆಲೆಯ ಬಗ್ಗೆಯೂ ತೋರಿಸುವುದು ಸೂಕ್ತ.

ಇದಕ್ಕೆ ಕಾಲೇಜುಗಳ ನಿಯಮವೂ ಸೇರಿಕೊಂಡಿದೆ. ಒಂದು ಕಂಪನಿಯಲ್ಲಿ ಆಯ್ಕೆಯಾದ ವಿದ್ಯಾರ್ಥಿ ಮತ್ತೊಂದು ಕಂಪನಿಯ ಸಂದರ್ಶನಕ್ಕೆ ಹಾಜರಾಗಬಾರದೆಂಬ ಕಟ್ಟಳೆ ಅನೇಕ ಕಡೆ ಇದೆ. ಎಲ್ಲರಿಗೂ ಒಂದೊಂದು ಕೆಲಸ ಸಿಗಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಪರಿಣಾಮವೇನು? ಚೌಕಾಸಿಯ ಏಕೈಕ ಬಲವೆಂದರೆ ಕೈಯಲ್ಲಿ ಇನ್ನೊಂದು ಅವಕಾಶ ಇರುವುದು. ಆ ಬಲವನ್ನೇ ಕಾಲೇಜು ತನ್ನ ವಿದ್ಯಾರ್ಥಿಯ ಕೈಯಿಂದ ಕಸಿದುಕೊಂಡಂತಾಗುತ್ತದೆ.

ಮೂವತ್ತು ಸಾವಿರ ಕರಗುವ ಬಗೆ

ಇನ್ನು ಕಂಪನಿ ಘೋಷಿಸುವ ‘ಸಿಟಿಸಿ’ ಎಂಬ ಮಾಯಾಸಂಖ್ಯೆಯನ್ನು ಬಿಡಿಸಿ ನೋಡೋಣ. ಇದು ನೌಕರನಿಗೆ ಸಿಗುವ ಹಣವಲ್ಲ, ನೌಕರನ ಮೇಲೆ ಕಂಪನಿ ಮಾಡುವ ವೆಚ್ಚ. ಉದಾಹರಣೆಗೆ ವರ್ಷಕ್ಕೆ 3.60 ಲಕ್ಷವೆಂದರೆ ತಿಂಗಳಿಗೆ 30,000. ಇದರಲ್ಲಿ ಶೇ 10ರಷ್ಟು ಕಾರ್ಯಸಾಧನೆಗೆ ತಕ್ಕ ಬದಲಾಗುವ ವೇತನ ಎಂದಿದ್ದರೆ 3,000 ರೂಪಾಯಿ ಅನಿಶ್ಚಿತದ ಖಾತೆಗೆ ಹೋಯಿತು. ಮೂಲ ವೇತನ 15,000 ಎಂದಾದರೆ ಕಂಪನಿಯ ಪಾಲಿನ ಭವಿಷ್ಯನಿಧಿ 1,800, ಗ್ರಾಚ್ಯುಟಿಯ ಬಾಬ್ತು ಸುಮಾರು 720, ವಿಮೆಯ ಕಂತು ಒಂದು 480 ಎಂದಿಟ್ಟುಕೊಂಡರೆ ಉಳಿಯುವುದು 24,000. ನೌಕರನ ಪಾಲಿನ ಭವಿಷ್ಯನಿಧಿ 1,800 ಕಳೆದರೆ ಕೈಗೆ ಬರುವುದು 22,200 ರೂಪಾಯಿ. ಸಂಬಳ 25,000ಕ್ಕಿಂತ ಕಡಿಮೆಯಾದ್ದರಿಂದ ವೃತ್ತಿ ತೆರಿಗೆ ಇಲ್ಲ ಎಂಬುದೊಂದೇ ಸಮಾಧಾನ! ಗ್ರಾಚ್ಯುಟಿಯಾದರೋ ಕಾಯಂ ನೌಕರನಿಗೆ ಐದು ವರ್ಷ ತುಂಬಿದ ಮೇಲಿನ ಮಾತು. ಎರಡು ವರ್ಷಕ್ಕೆ ಬಿಟ್ಟುಹೋಗುವವನ ಸಿಟಿಸಿಯಲ್ಲಿ ಅದು ಕನ್ನಡಿಯೊಳಗಿನ ಗಂಟು.

ಬಹುತೇಕ ಮನೆಗಳಲ್ಲಿ ಶಿಕ್ಷಣ ಸಾಲವಿದೆ. ಐದು ಲಕ್ಷ ರೂಪಾಯಿ ಸಾಲಕ್ಕೆ ಶೇ 10ರ ಬಡ್ಡಿಯಲ್ಲಿ ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 6,600. ಬೆಂಗಳೂರಿನಲ್ಲಿ ಇನ್ನೊಬ್ಬರೊಡನೆ ಕೋಣೆ ಹಂಚಿಕೊಂಡು ಊಟ ಸೇರಿ ಒಂಬತ್ತು–ಹತ್ತು ಸಾವಿರ ತೆತ್ತರೆ ಕೊನೆಗೆ ಉಳಿಯುವುದು ಆರು ಸಾವಿರದಷ್ಟು. ಅದರಲ್ಲಿ ಬಸ್ಸು, ಬಟ್ಟೆ, ಫೋನು, ಊರಿಗೆ ಬಂದುಹೋಗುವ ಖರ್ಚು, ಅಪ್ಪ ಅಮ್ಮನ ಔಷಧಿ. ಸೊನ್ನೆಗಳ ಲೆಕ್ಕದಲ್ಲಿ ದೊಡ್ಡದಾಗಿ ಕಾಣುವ ಪ್ಯಾಕೇಜು ತಿಂಗಳ ಕೊನೆಯ ವಾರಕ್ಕೆ ಮನೆಗೇ ಫೋನು ಮಾಡಿಸುತ್ತದೆ.

ಕೇಳಿದರೆ ಏನು ಮಹಾ ಲಾಭ ಎಂದು ಕೆಲವರು ಹೇಳಬಹುದು. ಆರಂಭದಲ್ಲಿ ವರ್ಷಕ್ಕೆ 40,000 ರೂಪಾಯಿ ಹೆಚ್ಚು ಪಡೆದವನು ಮತ್ತು ಪಡೆಯದವನು ಇಬ್ಬರಿಗೂ ಮುಂದೆ ವರ್ಷಕ್ಕೆ ಶೇ 8ರ ಏರಿಕೆ ದೊರೆಯಿತೆಂದು ಭಾವಿಸೋಣ. ಹತ್ತು ವರ್ಷದಲ್ಲಿ ಇಬ್ಬರ ಒಟ್ಟು ಗಳಿಕೆಯ ಅಂತರ ಸುಮಾರು 5.8 ಲಕ್ಷ. ಒಂದು ಶಿಕ್ಷಣ ಸಾಲದ ಅಸಲೇ ತೀರಿಹೋಗುವ ಮೊತ್ತ! ಮುಂದಿನ ಪ್ರತಿ ಏರಿಕೆಯೂ ಹಿಂದಿನ ಸಂಬಳದ ಶೇಕಡಾವಾರು ಲೆಕ್ಕದಲ್ಲೇ ಬರುವುದರಿಂದ ಮೊದಲ ಸಂಬಳದ ಕೊರತೆ ಬಹುಕಾಲ ಬೆನ್ನು ಬಿಡುವುದಿಲ್ಲ.

ಅಡಿಕೆ ಬೆಳೆಗಾರ ಕಲಿಸುವ ಪಾಠ

ಚೌಕಾಸಿ ಎಂದರೆ ಮಾತಿನ ಚಾತುರ್ಯ ಎಂಬ ತಪ್ಪು ಕಲ್ಪನೆ ನಮ್ಮಲ್ಲಿದೆ. ಅದು ನಿಜವಲ್ಲವೆಂಬುದಕ್ಕೆ ನಮ್ಮ ಅಡಿಕೆ ಬೆಳೆಗಾರನೇ ಸಾಕ್ಷಿ. 1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ಕುಸಿದಾಗ ವ್ಯಾಪಾರಿ ಹೇಳಿದ ಬೆಲೆಗೆ ಕೊಟ್ಟು ಬರುವುದಲ್ಲದೆ ಬೆಳೆಗಾರನಿಗೆ ಬೇರೆ ದಾರಿಯಿರಲಿಲ್ಲ. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಸೇರಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದರು. ಆ ಮೇಲೆ ಬೆಳೆಗಾರನ ಮಾತಿನ ಧಾಟಿ ಬದಲಾಯಿತೇ? ಇಲ್ಲ. ಬದಲಾದದ್ದು ಎರಡೇ ಸಂಗತಿ. ಇಂದಿನ ಧಾರಣೆ ಎಷ್ಟೆಂಬುದು ಪತ್ರಿಕೆಯಲ್ಲಿ ಓದಲು ಸಿಕ್ಕಿತು, ಮತ್ತು ಈ ವ್ಯಾಪಾರಿ ಕೊಡದಿದ್ದರೆ ಮಾರಲು ಇನ್ನೊಂದು ಕಟ್ಟೆ ಇತ್ತು. ಮಾಹಿತಿ ಮತ್ತು ಪರ್ಯಾಯ, ಇವೆರಡೇ ಚೌಕಾಸಿಯ ಬಂಡವಾಳ. ಮಾತು ಆಮೇಲಿನದು.

ಎಂಜಿನಿಯರಿಗೂ ಇದೇ ಸೂತ್ರ ಅನ್ವಯಿಸುತ್ತದೆ. ಸಾವಿರಾರು ಮಂದಿಯನ್ನು ಒಮ್ಮೆಗೇ ನೇಮಿಸಿಕೊಳ್ಳುವ ಕಂಪನಿಯ ಕ್ಯಾಂಪಸ್ ಆಯ್ಕೆಯಲ್ಲಿ ಸಂಬಳದ ಅಂಕಿಯನ್ನು ಬದಲಿಸುವುದು ಸಾಮಾನ್ಯವಾಗಿ ಸಾಧ್ಯವಿಲ್ಲ. ಎದುರಿಗೆ ಕುಳಿತ ಅಧಿಕಾರಿಗೆ ಅಂಥ ಅಧಿಕಾರವೇ ಇರುವುದಿಲ್ಲ. ಅಲ್ಲಿ ಚೌಕಾಸಿ ನಡೆಯುವುದು ಆಯ್ಕೆಗೆ ಮೊದಲು. ಉದಾಹರಣೆಗೆ ಟಿಸಿಎಸ್‌ನಲ್ಲಿ ನಿಂಜಾ, ಡಿಜಿಟಲ್, ಪ್ರೈಮ್ ಎಂಬ ಮೂರು ಬಾಗಿಲುಗಳಿವೆ. ಮೊದಲನೆಯದರ ಸಂಬಳ ಮೂರೂವರೆ ಲಕ್ಷದೊಳಗೆ, ಎರಡನೆಯದು ಏಳರ ಆಸುಪಾಸು, ಮೂರನೆಯದು ಒಂಬತ್ತು ಲಕ್ಷ ಮತ್ತು ಅದಕ್ಕೂ ಮೇಲೆ. ಒಂದೇ ಕಾಲೇಜು, ಒಂದೇ ಪದವಿ, ಆದರೆ ಪರೀಕ್ಷೆಯಲ್ಲಿ ತೋರಿದ ಪ್ರೋಗ್ರಾಮಿಂಗ್ ಸಾಮರ್ಥ್ಯದ ಮೇಲೆ ಸಂಬಳ ಎರಡು ಪಟ್ಟು, ಮೂರು ಪಟ್ಟು. ಇಂಥ ಬಾಗಿಲುಗಳಿವೆ ಎಂಬುದೇ ಎರಡನೆಯ ವರ್ಷದ ವಿದ್ಯಾರ್ಥಿಗೆ ತಿಳಿದಿರುವುದಿಲ್ಲ. ಅಂತಿಮ ವರ್ಷದಲ್ಲಿ ತಿಳಿದು ಪ್ರಯೋಜನವಿಲ್ಲ.

ಸಣ್ಣ ಮತ್ತು ಮಧ್ಯಮ ಕಂಪನಿಗಳಲ್ಲಿ ಅಂಕಿಯ ಬಗ್ಗೆಯೂ ಮಾತಾಡಬಹುದು. ಅಂಕಿ ಬದಲಾಗದಿದ್ದರೂ ಇತರ ಷರತ್ತುಗಳ ಬಗ್ಗೆ ಕೇಳಬಹುದು. ನಿಶ್ಚಿತ ವೇತನವೆಷ್ಟು, ಬದಲಾಗುವ ಭಾಗವೆಷ್ಟು, ಕಳೆದ ವರ್ಷ ಅದರಲ್ಲಿ ನಿಜಕ್ಕೂ ಕೊಟ್ಟದ್ದೆಷ್ಟು? ಸೇರುವ ದಿನಾಂಕ ಖಚಿತವೇ? ತರಬೇತಿಯ ಅವಧಿಯಲ್ಲಿ ಸಂಬಳವೆಷ್ಟು, ಪರೀಕ್ಷೆಯಲ್ಲಿ ಅನುತ್ತೀರ್ಣನಾದರೆ ಗತಿಯೇನು? ರಾಜೀನಾಮೆಯ ಮುನ್ಸೂಚನೆ ಒಂದು ತಿಂಗಳೇ, ಮೂರು ತಿಂಗಳೇ? ಇವು ಅವಿನಯದ ಪ್ರಶ್ನೆಗಳಲ್ಲ. ಗೇಣಿ ಚೀಟಿಗೆ ಹೆಬ್ಬೆಟ್ಟು ಒತ್ತುವ ಮುನ್ನ ಓದಿಸಿ ಕೇಳುತ್ತಿದ್ದ ನಮ್ಮ ಹಿರಿಯರ ವಿವೇಕವಷ್ಟೇ ಇದು.

ಸೇರುವ ದಿನಾಂಕದ ಪ್ರಶ್ನೆ ಎಷ್ಟು ಮುಖ್ಯವೆಂಬುದಕ್ಕೆ ಉದಾಹರಣೆ ದೂರದಲ್ಲಿಲ್ಲ. 2022ರಲ್ಲಿ ಇನ್ಫೋಸಿಸ್‌ನಿಂದ ನೇಮಕಾತಿ ಪತ್ರ ಪಡೆದ ಸುಮಾರು ಎರಡು ಸಾವಿರ ಪದವೀಧರರು ಸೇರ್ಪಡೆಗಾಗಿ ಎರಡು ವರ್ಷ ಕಾಯಬೇಕಾಯಿತು. ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಹೋದ ಮೇಲೆ 2024ರ ಅಕ್ಟೋಬರ್‌ನಲ್ಲಿ ಅವರ ಸೇರ್ಪಡೆ ಆರಂಭವಾಯಿತು. 2025ರ ಫೆಬ್ರುವರಿಯಲ್ಲಿ ಮೈಸೂರು ಕೇಂದ್ರದ ಮುನ್ನೂರಕ್ಕೂ ಹೆಚ್ಚು ತರಬೇತಿ ಅಭ್ಯರ್ಥಿಗಳನ್ನು ಆಂತರಿಕ ಪರೀಕ್ಷೆಯಲ್ಲಿ ಮೂರು ಬಾರಿ ಅನುತ್ತೀರ್ಣರಾದರೆಂಬ ಕಾರಣಕ್ಕೆ ಮನೆಗೆ ಕಳುಹಿಸಲಾಯಿತು. ಈ ಷರತ್ತು ಒಪ್ಪಂದದಲ್ಲಿಯೇ ಇತ್ತೆಂಬುದು ಕಂಪನಿಯ ವಾದ. ರಾಜ್ಯ ಕಾರ್ಮಿಕ ಇಲಾಖೆ ವಿಚಾರಣೆ ನಡೆಸಿತು. ಯಾರು ಸರಿ, ಯಾರು ತಪ್ಪೆಂಬ ತೀರ್ಪು ಹಾಗಿರಲಿ, ಎರಡು ವರ್ಷ ಕಾದ ಆ ಮಕ್ಕಳು ಆ ಅವಧಿಯಲ್ಲಿ ಕೈಬಿಟ್ಟ ಬೇರೆ ಅವಕಾಶಗಳಿಗೆ ಬೆಲೆ ಕಟ್ಟಿದವರು ಯಾರು?

ಬಾಂಡ್ ಎಂಬ ಹಗ್ಗ

ಎರಡು–ಮೂರು ವರ್ಷ ಬಿಟ್ಟುಹೋಗಬಾರದು, ಹೋದರೆ ಇಷ್ಟು ಲಕ್ಷ ತೆರಬೇಕು ಎಂಬ ಬಾಂಡ್ ಬರೆಸಿಕೊಳ್ಳುವ ಪದ್ಧತಿ ವ್ಯಾಪಕವಾಗಿದೆ. ‘ಅದಕ್ಕೆ ಕಾನೂನಿನ ಬಲವಿಲ್ಲ, ಸಹಿ ಹಾಕಿಬಿಡು’ ಎಂದು ಹಿರಿಯ ವಿದ್ಯಾರ್ಥಿಗಳು ಧೈರ್ಯ ತುಂಬುವುದುಂಟು. ಇದು ಅಪಾಯಕಾರಿ ಸಲಹೆ. ವ್ಯಾಪಾರ, ವೃತ್ತಿಗಳಿಗೆ ನಿರ್ಬಂಧ ಹೇರುವ ಕರಾರು ಅನೂರ್ಜಿತವೆಂದು 1872ರ ಕರಾರು ಕಾಯ್ದೆಯ 27ನೇ ಕಲಂ ಹೇಳುವುದು ದಿಟ. ಆದರೆ ಸೇವಾವಧಿಯೊಳಗಿನ ಷರತ್ತಿಗೆ ಅದು ಹಾಗೆಯೇ ಅನ್ವಯಿಸದು. ಇದೇ ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿ, 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾದ ವಿಜಯಾ ಬ್ಯಾಂಕಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2025ರ ಮೇ 14ರಂದು ಇದನ್ನು ಸ್ಪಷ್ಟಪಡಿಸಿತು. ಮೂರು ವರ್ಷಕ್ಕೆ ಮುನ್ನ ಬಿಟ್ಟುಹೋದ ಅಧಿಕಾರಿ ಎರಡು ಲಕ್ಷ ರೂಪಾಯಿ ತೆರಬೇಕೆಂಬ ಷರತ್ತನ್ನು ನ್ಯಾಯಾಲಯ ಎತ್ತಿಹಿಡಿಯಿತು. ಬಹಿರಂಗ ನೇಮಕಾತಿಗೆ ಸಾರ್ವಜನಿಕ ಬ್ಯಾಂಕು ಮಾಡುವ ವೆಚ್ಚ, ಅಧಿಕಾರಿಯ ದರ್ಜೆ ಮತ್ತು ಸಂಬಳಗಳನ್ನು ಅದು ಲೆಕ್ಕಕ್ಕೆ ತೆಗೆದುಕೊಂಡಿತು.

ಆದರೆ ಅದೇ ಕಾಯ್ದೆಯ 74ನೇ ಕಲಮಿನ ಪ್ರಕಾರ ಕರಾರಿನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ, ಸಿಗಬೇಕಾದದ್ದು ಸಮಂಜಸ ಪರಿಹಾರ. ಹಾಗಾಗಿ ಮೂರೂವರೆ ಲಕ್ಷ ಸಂಬಳಕ್ಕೆ ಎರಡು ಲಕ್ಷದ ಬಾಂಡ್ ಕೇಳುವವರನ್ನು ‘ತರಬೇತಿಗೆ ನೀವು ಮಾಡುವ ಖರ್ಚೆಷ್ಟು? ತಿಂಗಳು ಕಳೆದಂತೆ ಮೊತ್ತ ಇಳಿಯುತ್ತದೆಯೇ?’ ಎಂದು ಕೇಳಿ ಲಿಖಿತ ಉತ್ತರ ಪಡೆಯುವುದು ಕ್ಷೇಮ. ಮೂಲ ಅಂಕಪಟ್ಟಿಯನ್ನೇ ಒತ್ತೆಯಿಡಲು ಹೇಳುವ ಸಂಸ್ಥೆಯಿಂದ ದೂರವಿರುವುದೇ ಲೇಸು.

ಮೊದಲ ಕೆಲಸದಲ್ಲಿ ಆಗದ್ದು ಎರಡನೆಯ ಕೆಲಸದಲ್ಲಿ ಆಗಬಹುದು. ಎರಡು–ಮೂರು ವರ್ಷಗಳ ಅನುಭವದೊಡನೆ ಬೇರೆ ಕಂಪನಿಗೆ ಹೋಗುವಾಗಲೇ ನಿಜವಾದ ಚೌಕಾಸಿ. ಅಲ್ಲಿ ಎದುರಾಗುವ ಮೊದಲ ಪ್ರಶ್ನೆ ‘ಈಗಿನ ಸಂಬಳ ಎಷ್ಟು?’ ಎಂಬುದು. ಉತ್ತರಿಸಿದ ಕೂಡಲೇ ಅದರ ಮೇಲೆ ಶೇ 20–30 ಎಂಬ ಗೂಟಕ್ಕೆ ಅವನನ್ನು ಕಟ್ಟಿದಂತಾಯಿತು. ಹಿಂದಿನ ಅನ್ಯಾಯವೇ ಮುಂದಿನ ಅಳತೆಗೋಲು! ಈ ಪ್ರಶ್ನೆಯನ್ನೇ ಅಮೆರಿಕದ ಮ್ಯಾಸಚೂಸೆಟ್ಸ್, ಕ್ಯಾಲಿಫೋರ್ನಿಯ ರಾಜ್ಯಗಳು 2018ರಿಂದ ನಿಷೇಧಿಸಿವೆ. ಐರೋಪ್ಯ ಒಕ್ಕೂಟ 2023ರಲ್ಲಿ ಅಂಗೀಕರಿಸಿದ ವೇತನ ಪಾರದರ್ಶಕತೆಯ ನಿರ್ದೇಶನವೂ ಹಿಂದಿನ ಸಂಬಳ ಕೇಳಕೂಡದೆಂದೂ, ಹುದ್ದೆಯ ವೇತನದ ವ್ಯಾಪ್ತಿಯನ್ನು ಅಭ್ಯರ್ಥಿಗೆ ಮೊದಲೇ ತಿಳಿಸಬೇಕೆಂದೂ ವಿಧಿಸುತ್ತದೆ. ನಮ್ಮಲ್ಲಿ ಅಂಥ ಕಾನೂನಿಲ್ಲ. ಆದ್ದರಿಂದ ಅಭ್ಯರ್ಥಿಯೇ ಮಾತನ್ನು ಹುದ್ದೆಯ ಧಾರಣೆಯತ್ತ ತಿರುಗಿಸಬೇಕು. ‘ಈ ಹುದ್ದೆಗೆ ನೀವು ನಿಗದಿ ಮಾಡಿದ ವ್ಯಾಪ್ತಿ ಯಾವುದು? ನಾನು ಮಾಡಬಲ್ಲ ಕೆಲಸ ಇದು, ನನ್ನ ನಿರೀಕ್ಷೆ ಇಷ್ಟು’ ಎಂದು ಸಮಾಧಾನದಿಂದ ಹೇಳುವುದು. ಸುಳ್ಳು ಸಂಬಳ ಹೇಳುವುದು ಸಲ್ಲದು. ವೇತನ ಚೀಟಿ ಕೇಳುವವರ ಮುಂದೆ ಅದು ನಿಲ್ಲದು, ನೀತಿಯೂ ಅಲ್ಲ.

ಹೆಣ್ಣುಮಕ್ಕಳ ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಂಡಾ ಬ್ಯಾಬ್‌ಕಾಕ್ ತಮ್ಮಲ್ಲಿನ ಸ್ನಾತಕೋತ್ತರ ಪದವೀಧರರ ಬಗ್ಗೆ ನಡೆಸಿದ ಅಧ್ಯಯನದಲ್ಲಿ ಮೊದಲ ಸಂಬಳಕ್ಕಾಗಿ ಚೌಕಾಸಿ ಮಾಡಿದವರು ಗಂಡಸರಲ್ಲಿ ಶೇ 57, ಹೆಂಗಸರಲ್ಲಿ ಶೇ 7 ಮಾತ್ರ ಎಂಬುದು ಕಂಡುಬಂತು. 2003ರಲ್ಲಿ ಸಾರಾ ಲ್ಯಾಶೆವರ್ ಜೊತೆ ಬರೆದ ಪುಸ್ತಕದಲ್ಲಿ ಅವರು ಇದನ್ನು ಚರ್ಚಿಸಿದರು. ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ವಿದ್ಯಾರ್ಥಿವೇತನದ ನೆರವಿನಿಂದ ಓದಿದ ಹೆಣ್ಣುಮಕ್ಕಳು ಈ ತಾಲ್ಲೂಕುಗಳಲ್ಲಿದ್ದಾರೆ. ‘ಸಿಕ್ಕಿದ್ದೇ ಪುಣ್ಯ’ ಎಂಬ ಮಾತನ್ನು ಅವರ ಕಿವಿಗೆ ಗಂಡುಮಕ್ಕಳಿಗಿಂತ ಹೆಚ್ಚು ಬಾರಿ ತುಂಬಲಾಗುತ್ತದೆ. ತುಟ್ಟಿಭತ್ಯೆಗಾಗಿ ತಾಲ್ಲೂಕು ಕಚೇರಿಯ ಮುಂದೆ ಕುಳಿತ ತಾಯಿಯ ಮಗಳು ತನ್ನ ಸಂಬಳ ಕೇಳಲು ನಾಚಬೇಕಾಗಿಲ್ಲ.

ಇಂಥ ಕಾಲದಲ್ಲಿ ಕೇಳುವುದೇ?

ಕೃತಕ ಬುದ್ಧಿಮತ್ತೆ ಆರಂಭದ ಹಂತದ ಕೆಲಸಗಳನ್ನೇ ನುಂಗುತ್ತಿದೆ, 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟನ್ನು, ಎಂದರೆ ಹನ್ನೆರಡು ಸಾವಿರದಷ್ಟು ಮಂದಿಯನ್ನು ಕಡಿತಗೊಳಿಸುವುದಾಗಿ ಪ್ರಕಟಿಸಿತು, ಹೀಗಿರುವಾಗ ಚೌಕಾಸಿಯೇ ಎಂಬ ಆಕ್ಷೇಪ ಬರಬಹುದು. ಹೊಸಬರಿಗೆ ತಿಂಗಳುಗಟ್ಟಲೆ ತರಬೇತಿ ಕೊಡಬೇಕಾಗಿದೆ, ಕಾಲೇಜುಗಳು ಅರೆಬೆಂದ ಪದವೀಧರರನ್ನು ಕಳುಹಿಸುತ್ತಿವೆ ಎಂಬ ಕಂಪನಿಗಳ ದೂರಿನಲ್ಲೂ ಸತ್ಯಾಂಶವಿದೆ. ಕೈಯಲ್ಲಿ ಬೇರೆ ಅವಕಾಶವಿಲ್ಲದ, ಸಾಲದ ಕಂತು ತಲೆಯ ಮೇಲಿರುವ ಹುಡುಗನಿಗೆ ಬಂದ ಕೆಲಸ ಬಿಡೆಂದು ಯಾರೂ ಹೇಳಲಾಗದು. ಸೇರಲಿ, ಕಲಿಯಲಿ. ಆದರೆ ಏನಕ್ಕೆ ಸಹಿ ಹಾಕುತ್ತಿದ್ದೇನೆಂದು ತಿಳಿದು ಹಾಕಲಿ. ಮಾರುಕಟ್ಟೆ ಕುಸಿದಾಗ ಕೇಳುವವನಿಗೆ ಸಿಗದಿರಬಹುದು. ಏರಿದಾಗಲೂ ಕೇಳದವನಿಗೆ ಸಿಗಲಿಲ್ಲ ಎಂಬುದನ್ನು ಕಳೆದ ಹದಿನೈದು ವರ್ಷಗಳ ಚರಿತ್ರೆ ಹೇಳುತ್ತಿದೆ.

ಇದು ಒಬ್ಬೊಬ್ಬ ಅಭ್ಯರ್ಥಿಯ ಧೈರ್ಯಕ್ಕೆ ಮಾತ್ರ ಬಿಡುವ ವಿಷಯವೂ ಅಲ್ಲ. ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದಿವೆ. ಭತ್ಯೆಗಳು ಒಟ್ಟು ವೇತನದ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನು ವೇತನವೆಂದೇ ಪರಿಗಣಿಸಬೇಕು, ಪ್ರತಿ ನೌಕರನಿಗೂ ನೇಮಕಾತಿ ಪತ್ರ ಕೊಡಬೇಕು ಎಂಬ ವಿಧಿಗಳು ಇವುಗಳಲ್ಲಿವೆ. ಮೂಲ ವೇತನವನ್ನು ಕುಗ್ಗಿಸಿ ಭವಿಷ್ಯನಿಧಿ, ಗ್ರಾಚ್ಯುಟಿಗಳನ್ನು ಕಡಿಮೆ ಮಾಡುವ ಹಳೆಯ ಚಾಳಿಗೆ ಇದು ಕಡಿವಾಣ ಹಾಕಬಲ್ಲದು. ಆದರೆ ಸಿಟಿಸಿಯ ಒಟ್ಟು ಮೊತ್ತ ಏರದೆ ಒಳಗಿನ ಹಂಚಿಕೆ ಮಾತ್ರ ಬದಲಾದರೆ ಕೈಗೆ ಬರುವ ಹಣ ಇನ್ನಷ್ಟು ಇಳಿಯಬಹುದೆಂಬುದನ್ನೂ ಮರೆಯಬಾರದು.

ರಾಜ್ಯ ಸರ್ಕಾರ ಮತ್ತು ಕಾಲೇಜುಗಳು ಕೂಡಲೇ ಮಾಡಬಹುದಾದ ಕೆಲಸಗಳು ಕೆಲವಿವೆ. ಮೊದಲನೆಯದು, ಪ್ರತಿ ಕಾಲೇಜು ತನ್ನ ವಿದ್ಯಾರ್ಥಿಗಳು ಪಡೆದ ಅತಿ ದೊಡ್ಡ ಪ್ಯಾಕೇಜಿನ ಬದಲು ನಡುವಿನ ಸಂಬಳವನ್ನು, ಅದೂ ನಿಶ್ಚಿತ ವೇತನದ ಲೆಕ್ಕದಲ್ಲಿ, ಕಂಪನಿವಾರು ಪ್ರಕಟಿಸಲಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಅದನ್ನು ಕಡ್ಡಾಯಗೊಳಿಸಲಿ. ಇದೇ ನಮ್ಮ ಎಂಜಿನಿಯರುಗಳ ಧಾರಣೆ ಪಟ್ಟಿ. ಎರಡನೆಯದು, ಒಂದೇ ಅವಕಾಶ ಎಂಬ ನಿಯಮ ಸಡಿಲಗೊಂಡು, ಕೊನೆಯ ಪಕ್ಷ ಎರಡು ಅವಕಾಶಗಳನ್ನು ತೂಗಿ ನೋಡುವ ಸ್ವಾತಂತ್ರ್ಯ ಸಿಗಲಿ. ಮೂರನೆಯದು, ನೇಮಕಾತಿ ಪತ್ರ ಓದುವುದನ್ನು ಒಂದು ಪಾಠವಾಗಿ ಕಲಿಸಲಿ. ಮೂಡುಬಿದಿರೆಯ ಆಳ್ವಾಸ್ ಪ್ರಗತಿಯಂಥ ದೊಡ್ಡ ಉದ್ಯೋಗ ಮೇಳಗಳಲ್ಲಿ ಕಂಪನಿಗಳ ನೂರಾರು ಮೇಜುಗಳ ನಡುವೆ, ಸಹಿ ಹಾಕುವ ಮುನ್ನ ಪತ್ರವನ್ನು ಓದಿ ವಿವರಿಸುವ ಕಾರ್ಮಿಕ ಇಲಾಖೆಯ ಒಂದು ಮೇಜೂ ಇರಲಿ. ಇದಕ್ಕೆ ತಗಲುವ ವೆಚ್ಚ ಒಬ್ಬ ಅಧಿಕಾರಿಯ ಒಂದು ದಿನದ ಪ್ರಯಾಣ ಭತ್ಯೆ ಮಾತ್ರ.

ಅಳದ ಮಗುವಿಗೆ ತಾಯಿಯೂ ಹಾಲು ಕೊಡಳು ಎಂಬುದು ಗಾದೆ. ಕಂಪನಿಯಂತೂ ತಾಯಿಯಲ್ಲ. ಅದು ಕೊಳ್ಳುವ ವ್ಯಾಪಾರಿ, ಕಡಿಮೆಗೆ ಸಿಕ್ಕಿದರೆ ಕಡಿಮೆಗೇ ಕೊಳ್ಳುತ್ತದೆ. ಅದರಲ್ಲಿ ಅದರ ತಪ್ಪನ್ನು ಹುಡುಕುವುದಕ್ಕಿಂತ, ಅಡಿಕೆಯ ಚೀಲ ಹಿಡಿದ ರೈತ ಧಾರಣೆ ನೋಡದೆ ಪೇಟೆಗೆ ಹೋಗುವುದಿಲ್ಲ ಎಂಬುದನ್ನು ನೆನಪಿಡುವುದು ಉಪಯುಕ್ತ. ಆ ರೈತ ತನ್ನ ತೋಟದ ಆದಾಯವನ್ನು ನಾಲ್ಕು ವರ್ಷ ಮಗನ ಓದಿಗೆ ಸುರಿದಿದ್ದಾನೆ. ಆ ಓದಿನ ಧಾರಣೆಯನ್ನು ವಿಚಾರಿಸುವ ಹಕ್ಕು ಮಗನಿಗಿದೆ, ವಿಚಾರಿಸುವಂತೆ ಅವನನ್ನು ಸಜ್ಜುಗೊಳಿಸುವ ಹೊಣೆ ನಮ್ಮೆಲ್ಲರಿಗೂ ಇದೆ.